ಐವತ್ತೈದನೆಯ ಹುಳ

ತುಳಸಿಗೇರಿ
೬ ಏಪ್ರಿಲ್ ೨೦೨೫, ರವಿವಾರ

ಮಗಳು ಸುರೇಖಾಗೆ,

ಅಪ್ಪ ಗುರಪ್ಪ ಬರೆಯುತ್ತಿರುವುದು. ಬೀರಪ್ಪನ ದಯೆಯಿಂದ ಇಲ್ಲಿ ಎಲ್ಲರೂ ಉಂಡುಕೊಂಡು ಓಡಾಡಿಕೊಂಡಿದ್ದೇವೆ. ಹುನಗುಂದದಲ್ಲಿ ನೀನೂ ಅಳಿಯನೂ ನೆಟ್ಟಗಿದ್ದೀರಿ ಎಂದು ತಿಳಿದು ಮುಂದೆ ಬರೆಯುತ್ತೇನೆ. ನಾಲ್ಕನೆಯ ಇಯತ್ತೆಗೆ ಸಾಲೆ ಬಿಟ್ಟು ಕುರಿಯ ಹಿಂದೆ ಹೋದವನು ನಾನು. ಅಕ್ಷರ ಸೊಟ್ಟಗಿದ್ದರೆ ಓದಿಕೋ, ತಿದ್ದಲು ಕೂಡಬೇಡ.

ತಡವಾಯಿತು. ಯುಗಾದಿ ಅಮಾವಾಸ್ಯೆಯ ದಿನ ನೀನು ಫೋನಿನಲ್ಲಿ ಕೇಳಿದೆ, ಇವತ್ತಿಗೆ ಎಂಟು ದಿನ. "ಅಪ್ಪಾ, ಖರೆ ಹೇಳು. ಅವ್ವ ಆಟ ಯಾಕ ಬಿಟ್ಟಳು? ನಾ ಐದು ರವಿವಾರ ಬರಲಿಲ್ಲಂತ ಬಿಟ್ಟಳೇನು?"

"ಆಕಿಗೆ ಬ್ಯಾಸರಾತು, ಬಿಟ್ಟಳು. ಇಡು ಫೋನು" ಎಂದು ನಾನೇ ಇಟ್ಟೆ.

ಅದು ಸುಳ್ಳು. ಫೋನಿನಲ್ಲಿ ನನಗೆ ಮೊದಲು ಸಿಟ್ಟು ಬರುತ್ತದೆ, ಮಾತು ಆಮೇಲೆ ಬರುತ್ತದೆ. ಮಾತು ಬರುವಷ್ಟರಲ್ಲಿ ಫೋನು ಇಟ್ಟಿರುತ್ತೇನೆ. ಅದಕ್ಕೇ ಬೀರೇಶನಿಂದ ಒಂದು ನೋಟ್‌ಬುಕ್ ತರಿಸಿಕೊಂಡು ಕೂತಿದ್ದೇನೆ. ನಾಲ್ಕು ಹಾಳೆ ಹರಿದು ಒಗೆದೆ, ಇದು ಐದನೆಯದು. ನೀನು ಕೇಳಿದ್ದಕ್ಕೆ ಈ ಕಾಗದದಲ್ಲಿ ಉತ್ತರ ಇದೆ. ಆದರೆ ನನಗೆ ಅಲ್ಲಿಗೆ ಹೋಗಲು ಸ್ವಲ್ಪ ದಾರಿ ಬೇಕು.

ಮೊದಲು ಮನೆಯ ಸುದ್ದಿ. ಎಮ್ಮೆ ಹೆಣ್ಣುಗರು ಹಾಕಿದೆ. ಸೊಸೆ ಸುಧಾರಾಣಿ ಗಿಣ್ಣ ಮಾಡಿ ನಿನಗೆಂದು ಡಬ್ಬಿಯಲ್ಲಿ ತೆಗೆದಿಟ್ಟಿದ್ದಳು. ನೀನು ಬರಲಿಲ್ಲ, ಎರಡು ದಿನ ನೋಡಿ ನಾನೇ ತಿಂದೆ. ಬೀರೇಶ ಟೆಂಪೋಕ್ಕೆ ಹೊಸ ಗಾಲಿ ಹಾಕಿಸಿ ಕಲಾದಗಿಯಿಂದ ದಾಳಿಂಬೆ ಹೇರುತ್ತಿದ್ದಾನೆ. ಶನಿವಾರ ಹನುಮಪ್ಪನ ಗುಡಿಗೆ ಬಂದ ಯಾರೋ ಒಬ್ಬ ಕಾರು ತಂದು ನಮ್ಮ ಹೊಸ್ತಿಲಿಗೇ ನಿಲ್ಲಿಸಿದ. ಬೈದೆ. "ಅಜ್ಜಾರ, ದೇವರ ದರ್ಶನಕ್ಕ ಬಂದೇವ್ರಿ" ಎಂದ. "ದೇವರ ಬಾಗಲಾ ಅಲ್ಲೈತಿ, ಇದು ನನ್ನ ಬಾಗಲಾ" ಎಂದೆ. ಒಳಗೆ ಸುಧಾರಾಣಿ ನಕ್ಕಳು. ಈ ಮನೆಯಲ್ಲಿ ನಗು ಕೇಳಿ ಎಷ್ಟು ದಿನವಾಗಿತ್ತೆಂದರೆ, ಯಾರದು ಎಂದು ತಿರುಗಿ ನೋಡಿದೆ.

ಹೋದ ವಾರ ಬೀರೇಶ ಪಡಸಾಲೆಯ ಡಬ್ಬಾ ಟಿವಿಯನ್ನು ಗುಜರಿಗೆ ಹಾಕೋಣ ಎಂದ. "ಗ್ವಾಡಿಗೆ ತೂಗು ಹಾಕೂ ಟಿವಿ ತರ್ತೇನಿ ಅಪ್ಪಾ. ಇದರಾಗ ಅರ್ಧ ಬಣ್ಣನ ಹೋಗ್ಯಾವು." ಹೊಸ ಟಿವಿಗೆ ನಿಮ್ಮ ಆ ಹಳೆಯ ವಿಡಿಯೋ ಗೇಮಿನ ವೈರು ಕೂಡುವುದಿಲ್ಲವಂತೆ. "ಹಂಗಾರ ಟಿವಿ ಒಳಗಿರಲಿ, ನೀ ಹೊರಗ ಹೋಗು" ಎಂದೆ. ಹೌದು, ಆ ಗೇಮನ್ನು ನಾನು ಈಗಲೂ ಆಡುತ್ತೇನೆ. ಮಧ್ಯಾಹ್ನ ಊಟವಾದ ಮೇಲೆ, ಅವಳಿದ್ದಾಗ ಕೂಡುತ್ತಿದ್ದ ಹೊತ್ತಿಗೇ, ಅದೇ ಚಾಪೆಯ ಮೇಲೆ.

ಇನ್ನು ಮುಂದೆ ನಿನಗೆ ಗೊತ್ತಿರುವುದನ್ನೂ ಬರೆಯುತ್ತೇನೆ, ಸಿಟ್ಟಾಗಬೇಡ. ಮೊದಲಿಂದ ಹಿಡಿಯದಿದ್ದರೆ ನನಗೆ ತುದಿ ಸಿಗುವುದಿಲ್ಲ.

ಆ ಗೇಮನ್ನು ಕೊಟ್ಟವನು ಇಳಕಲ್ಲಿನ ಟಿವಿ ರಿಪೇರಿಯ ಇಬ್ರಾಹಿಂಸಾಬ. ಅವನ ಹೊಲದಲ್ಲಿ ನಾನು ಗೊಬ್ಬರಕ್ಕೆ ರಾತ್ರಿಯೆಲ್ಲ ಕುರಿ ತರುಬಿ ನಿಲ್ಲಿಸುತ್ತಿದ್ದ ಕಾಲದ ಗೆಳೆತನ. ನೀವಿಬ್ಬರೂ ಅದರ ಮುಂದೆ ಕೂತು ಊಟ ಮರೆತಿರಿ. ಪರೀಕ್ಷೆಯ ಹಿಂದಿನ ದಿನವೂ ಬೀರೇಶನ ಕೈಯಲ್ಲಿ ಆ ಗೇಮಿನ ರಿಮೋಟು ಕಂಡಾಗ ಎಲ್ಲ ಕಿತ್ತುಕೊಂಡು ನನ್ನ ಪೆಟ್ಟಿಗೆಯಲ್ಲಿ ಹಾಕಿ ಕೀಲಿ ಜಡಿದೆ. ಇಪ್ಪತ್ತು ವರ್ಷ ಅದು ನನ್ನ ಕರಿ ಕಂಬಳಿಯ ಕೆಳಗೆ ಬಿದ್ದಿತ್ತು.

ಹೋದ ದಸರೆಯಲ್ಲಿ ನಿನ್ನ ಅವ್ವನಿಗೆ ಲಕ್ವಾ ಹೊಡೆಯಿತು. ಬಲಗೈ ಹೋಯಿತು, ಮಾತೂ ಹೋಯಿತು. ದವಾಖಾನೆಯಲ್ಲಿ ಕೈಕಾಲಿಗೆ ವ್ಯಾಯಾಮ ಮಾಡಿಸುವ ಡಾಕ್ಟರಮ್ಮ ಒಂದು ರಬ್ಬರ್ ಚೆಂಡು ಕೊಟ್ಟು ಹೇಳಿದ್ದು ನಿನಗೆ ನೆನಪಿರಬೇಕು. "ಅಜ್ಜಾರ, ಹಿಡಿಯೂದು ಲಗೂನ ಬರತೈತ್ರಿ, ಬಿಡೂದು ತಡಾ. ಒತ್ತಿದ ಬೆರಳು ತಾನ ಎತ್ತಾಕ ಬಂತಂದ್ರ ಕೈ ಬಂತಂತ ತಿಳೀರಿ." ನಾನು ದೊಡ್ಡದಾಗಿ ತಲೆ ಆಡಿಸಿದೆ. ಆಡಿಸಿ ಮರೆತೆ.

ಅವಳು ಆ ಚೆಂಡನ್ನು ಎರಡೇ ದಿನಕ್ಕೆ ಎಡಗೈಯಿಂದ ಎಮ್ಮೆಯ ಗೋದಲಿಗೆ ಒಗೆದಳು. ಆಗ ನೀನು ನನ್ನ ಪೆಟ್ಟಿಗೆಯ ಕೀಲಿ ಕೇಳಿದೆ. "ಆಕಿ ಏನ ಸಣ್ಣ ಹುಡುಗಿ ಏನು, ಆಟ ಆಡಾಕ?" ಎಂದೆ. "ಕೀಲಿ ಕೊಡಪಾ, ಮಾತು ಆಮ್ಯಾಲ" ಎಂದೆ ನೀನು. ನನ್ನ ಬಾಯೇ ನಿನಗೂ ಬಂದಿದೆ. ಒಂದು ರಿಮೋಟು ಸತ್ತಿತ್ತು. ಬಸ್ಸು ಹತ್ತಿ ಇಳಕಲ್ಲಿಗೆ ಒಯ್ದೆ. ಇಬ್ರಾಹಿಂಸಾಬ ದಪ್ಪ ಕನ್ನಡಕ ಏರಿಸಿ ಬೆಸುಗೆ ಹಾಕುತ್ತ, "ಲೇ ಗುರಪ್ಪಾ, ಈ ವಯಸ್ಸಿನಾಗ ವಿಮಾನ ಹಾರಸ್ತಿಯೇನಲೇ? ಲೈಸನ್ಸ್ ಐತೇನು?" ಎಂದ. ಯಾರಿಗಾಗಿ ಎಂದು ಹೇಳಿದ ಮೇಲೆ ನಗುವುದು ಬಿಟ್ಟ. ಎರಡನೆಯ ರಿಮೋಟಿನ ಗುಂಡಿಯನ್ನೂ ಬಿಚ್ಚಿ ಮೆತ್ತಗೆ ಮಾಡಿಕೊಟ್ಟ.

ಆಟ ಇಷ್ಟೇ. ಕರಿಯ ಪರದೆಯ ಮೇಲೆ ಹುಳಗಳ ಐದು ಸಾಲು, ಸಾಲಿಗೆ ಹನ್ನೊಂದು. ಅತ್ತ ಸರಿಯುತ್ತವೆ, ಇತ್ತ ಸರಿಯುತ್ತವೆ, ಒಂದೊಂದು ಗೇಣು ಕೆಳಗೆ ಇಳಿಯುತ್ತವೆ. ಕೆಳಗೆ ನಮ್ಮ ವಿಮಾನ. ಗುಂಡಿ ಒತ್ತಿದರೆ ಗುಂಡು ಹೋಗುತ್ತದೆ. ಹುಳಗಳೂ ಮೇಲಿನಿಂದ ಗುಂಡು ಬಿಡುತ್ತವೆ, ಒಬ್ಬೊಬ್ಬರಿಗೆ ಮೂರು ವಿಮಾನ. ಹುಳ ಕಡಿಮೆಯಾದಂತೆ ಉಳಿದವು ಜೋರಾಗಿ ಓಡುತ್ತವೆ, ಕೊನೆಯದೊಂದು ಹುಚ್ಚು ಹಿಡಿದಂತೆ ಓಡುತ್ತದೆ. ಒಂದೇ ಒಂದು ನೆಲ ಮುಟ್ಟಿದರೂ ಆಟ ಮುಗಿಯಿತು. ಇಬ್ಬರು ಆಡುವಾಗ ಒಬ್ಬರ ಪಾಳಿ ಮುಗಿದ ಮೇಲೆ ಇನ್ನೊಬ್ಬರದು.

ಮೊದಲ ದಿನ ಆ ಸಾಲುಗಳು ಇಳಿಯುವುದನ್ನು ನೋಡಿದವಳೇ ಅವಳು ಎಡಗೈ ಎತ್ತಿ ತಲೆಯ ಮೇಲೆ ಗರಗರ ತಿರುಗಿಸಿದಳು. "ಏನದು ಅಪ್ಪಾ?" ಎಂದು ನೀನು ಕೇಳಿದೆ. "ಕವಣಿ" ಎಂದೆ. ಅಷ್ಟೇ ಹೇಳಿದೆ. ಉಳಿದದ್ದನ್ನು ಈಗ ಬರೆಯುತ್ತೇನೆ.

ನಿನ್ನ ಅವ್ವ ಕಲಾದಗಿಯ ತವರಿನಲ್ಲಿ ಜೋಳ ತೆನೆಗಟ್ಟಿದಾಗ ಅಟ್ಟದ ಮೇಲೆ ನಿಂತು ಹಕ್ಕಿ ಕಾಯುತ್ತಿದ್ದಳು. ಹದಿನಾರು ವರ್ಷ. ನಾನು ಕುರಿ ಹೊಡೆದುಕೊಂಡು ಆ ಹೊಲದ ಬದುವಿನಲ್ಲಿ ಹೊರಟಿದ್ದೆ. ಎಲ್ಲಿಂದಲೋ ಒಂದು ಕಲ್ಲು ಬಂದು ನನ್ನ ಟಗರಿನ ಕೊಂಬಿಗೆ ಟಣ್ ಎಂದು ಬಡಿಯಿತು. ತಲೆ ಎತ್ತಿದರೆ ಅಟ್ಟದ ಮೇಲೆ ಇವಳು. "ಏ ಕುರಿಯಂವಾ! ಬದು ಬಿಟ್ಟು ಒಳಗ ಬಂದಿ ಅಂದ್ರ ಮುಂದಿನ ಕಲ್ಲು ನಿನ್ನ ರುಮಾಲಿಗೆ!" ಅಷ್ಟು ದೂರದಿಂದ ಕೊಂಬಿಗೆ ಹೊಡೆದಿದ್ದಳು, ಕಣ್ಣಿಗಲ್ಲ. ನಾನು ಊರಿಗೆ ಹೋಗಿ ನಮ್ಮ ಅವ್ವನ ಮುಂದೆ ಆ ಮನೆಯ ಹೆಸರು ಹೇಳಿದೆ. ಆ ಬಲಗೈ ನೋಡಿಯೇ ಹೆಣ್ಣು ಕೇಳಿದ್ದು.

ಆಟ ಶುರುವಾದ ಮೊದಲ ವಾರ ಬರೀ ಮೂರು ಹುಳ, ನಾಲ್ಕು ಹುಳ. ಬೆರಳು ಗುಂಡಿಯ ಮೇಲೆ ಕೂತರೆ ಏಳುತ್ತಿರಲಿಲ್ಲ. ನೀನು ಬಂದು ಬಿಡಿಸುತ್ತಿದ್ದೆ. ದೀಪಾವಳಿ ದಾಟಿದ ಮೇಲೆ ಒಂದು ಸಾಲು ಹೊಡೆದಳು. ಅವತ್ತು ಅರ್ಧ ಬಾಯಿಯಿಂದ ನಕ್ಕಳು. ಎಳ್ಳಮವಾಸ್ಯೆಗೆ ಹೊಲದ ಪೂಜೆ ಮಾಡಿ ಚರಗ ಚೆಲ್ಲಿ ಬಂದ ಮಧ್ಯಾಹ್ನ ಐವತ್ತನಾಲ್ಕು ಹೊಡೆದಳು. ನೀನು ಕುಣಿದೆ. ಸುಧಾರಾಣಿ ಅಡುಗೆಮನೆಯಿಂದ ಹಿಟ್ಟಿನ ಕೈಯಲ್ಲೇ ಓಡಿ ಬಂದಳು. ನಾನೊಬ್ಬನೇ ಉಳಿದ ಒಂದು ಹುಳವನ್ನು ನೋಡುತ್ತಿದ್ದೆ. ಅದು ಬಲಕ್ಕೆ ಓಡಿ ಎಡಕ್ಕೆ ಓಡಿ ಕೆಳಗಿಳಿದು ನೆಲ ಮುಟ್ಟಿತು. ಅವಳು ಒತ್ತಲಿಲ್ಲ.

ಅಲ್ಲಿಂದ ದಿನಾ ಹಾಗೇ ಆಯಿತು. ಐವತ್ತನಾಲ್ಕು ಹೊಡೆಯುವಳು, ಒಂದನ್ನು ಬಿಡುವಳು, ಸೋಲುವಳು. ನನ್ನದು ಕುರಿ ಎಣಿಸಿದ ಕಣ್ಣು, ಸುರೇಖಾ. ಸಂಜೆ ಹಟ್ಟಿಗೆ ಹೊಡೆಯುವಾಗ ಒಂದು ಕಡಿಮೆ ಬಂದರೆ ನಾವು ಉಳಿದವನ್ನು ಎಣಿಸಿ ಸಮಾಧಾನ ಮಾಡಿಕೊಳ್ಳುವ ಮಂದಿಯಲ್ಲ, ಆ ಒಂದನ್ನು ಹುಡುಕಿಕೊಂಡು ಹೋಗುವ ಮಂದಿ. "ಒತ್ತು! ಒತ್ತು ಪದ್ದೀ! ಒಂದ ಉಳದೈತಿ!" ಎಂದು ಕೂಗುತ್ತಿದ್ದೆ. ಅವಳು ನನ್ನ ಕಡೆ ತಿರುಗಿ ತಲೆ ಅಲ್ಲಾಡಿಸುತ್ತಿದ್ದಳು. ಆಗುವುದಿಲ್ಲ ಎನ್ನುತ್ತಿದ್ದಾಳೆ ಎಂದುಕೊಂಡೆ. "ಮಾವಾರ, ಅತ್ತಿ ನಕ್ಕೋತ ಆಡಾಕತ್ತಾರ, ಬಿಡ್ರಿ" ಎಂದು ಸುಧಾರಾಣಿ ಹೇಳಿದಳು. "ನೀ ರೊಟ್ಟಿ ಬಡಿ" ಎಂದೆ.

ಪ್ರತಿ ರವಿವಾರ ಬರುತ್ತಿದ್ದ ನಿನಗೆ ಜನವರಿ ಹತ್ತಿದ ಮೇಲೆ ಕಚೇರಿಯಲ್ಲಿ ರವಿವಾರವೂ ಕೆಲಸ ಬಂತು. ಈಗ ನೀನು ಕೇಳಿದ್ದಕ್ಕೆ ಬರುತ್ತೇನೆ. ಸರಿಯಾಗಿ ಓದು. ಅವಳು ರಿಮೋಟು ಕೆಳಗಿಟ್ಟದ್ದು ಸಂಕ್ರಾಂತಿಯಾಗಿ ನಾಲ್ಕನೆಯ ದಿನ, ಶನಿವಾರ. ಆಗ ನೀನು ತಪ್ಪಿಸಿದ್ದು ಬರೀ ಎರಡು ರವಿವಾರ. ಆ ಎರಡೂ ರವಿವಾರ ಅವಳು ಎಣ್ಣೆ ಹಚ್ಚಿ ತಲೆ ಬಾಚಿಸಿಕೊಂಡು ಚಾಪೆಯ ಮೇಲೆ ಕೂತು ಆಡಿದ್ದಾಳೆ. ನೀನು ಬರಲಿಲ್ಲವೆಂದು ಅವಳು ಏನನ್ನೂ ಬಿಡಲಿಲ್ಲ. ಬಿಡಿಸಿದವನು ನಾನು.

ಆ ಶನಿವಾರ ಮತ್ತೆ ಐವತ್ತನಾಲ್ಕು. ಮತ್ತೆ ಒಂದು ಉಳಿಯಿತು. ನಾನು ಎದ್ದು ನಿಂತೆ. "ಸತ್ತ ಕೈ ಅದು! ಸತ್ತ ಕೈಗೆ ಎಷ್ಟ ತೀಡಿದರೇನು? ಐವತ್ತನಾಲ್ಕು ಕಾದು ಒಂದನ್ನ ತ್ವಾಳಕ್ಕ ಕೊಟ್ಟರ ಕಾದಂಗಾತೇನ?" ಎಂದು ಓಣಿಗೆ ಕೇಳುವಂತೆ ಒದರಿದೆ. ಅವಳು ರಿಮೋಟನ್ನು ಚಾಪೆಯ ಮೇಲಿಟ್ಟಳು. ಬಲಗೈಯನ್ನು ಎಡಗೈಯಿಂದ ಎತ್ತಿ ಮಡಿಲಲ್ಲಿ ಹಾಕಿಕೊಂಡಳು, ಯಾರದೋ ಕೂಸನ್ನು ಹಾಕಿಕೊಂಡಂತೆ. ಆಮೇಲೆ ಎಷ್ಟು ಕರೆದರೂ ಆಟಕ್ಕೆ ಬರಲಿಲ್ಲ. ಐದನೆಯ ರವಿವಾರವೂ ಕಳೆದ ಮೇಲೆ ನೀನು ಬಂದು ಕೂಡಿಸಿದಾಗಲೂ ಬೆರಳು ಮುಚ್ಚಿಕೊಂಡೇ ಕೂತಳು. ನೀನು ನನ್ನ ಮುಖ ನೋಡಿದೆ. ನಾನು ಎಮ್ಮೆಗೆ ನೀರು ಕುಡಿಸಲು ಹೋದೆ. ಶಿವರಾತ್ರಿಗೆ ಆರು ದಿನ ಇರುವಾಗ ಲಕ್ವಾ ಎರಡನೆಯ ಸಲ ಹೊಡೆಯಿತು, ಅವಳು ಹೋದಳು. ಅದು ನಿನಗೆ ಗೊತ್ತೇ ಇದೆ.

ದಿನಕರ್ಮ ಮುಗಿದು ನೀನು ಹುನಗುಂದಕ್ಕೆ ಹೋದ ಮರುದಿನ ನಿನ್ನ ಚಿಕ್ಕವ್ವ ದುರಗವ್ವ ಇನ್ನೂ ಇಲ್ಲೇ ಇದ್ದಳು. ಟಿವಿಯ ಮುಂದೆ ಕೂತು, "ಮಾವ, ಅಕ್ಕ ಇದರಾಗ ಆಟ ಆಡ್ತಿದ್ದಳಂತಲ್ಲ, ಹೆಂಗ ಆಡ್ತಿದ್ದಳು, ತೋರಸು" ಎಂದಳು. ಹಚ್ಚಿ ತೋರಿಸಿದೆ.

"ಅಯ್ಯ, ಹಕ್ಕಿ ಇಳದಂಗನ ಇಳೀತಾವಲ್ಲ!" ಎಂದಳು.

"ಐವತ್ತನಾಲ್ಕು ಹೊಡೀತಿದ್ದಳು. ಕಡೀದೊಂದಕ್ಕ ಕೈ ಸೋಲ್ತಿತ್ತು" ಎಂದೆ.

"ಸೋಲ್ತಿತ್ತಂತ ಯಾರು ಹೇಳಿದರು?"

"ಯಾರು ಹೇಳಬೇಕು? ದಿನಾ ನಾ ನೋಡಿಲ್ಲೇನು?"

ದುರಗವ್ವ ನನ್ನನ್ನೇ ನೋಡಿದಳು. "ಮಾವ, ನಮ್ಮಪ್ಪ ಕಲ್ಲಿನ ಚೀಲ ಕೊಟ್ಟು ಅಟ್ಟಾ ಹತ್ತಸೂಮುಂದ ಒಂದ ಮಾತು ಹೇಳ್ತಿದ್ದ. ಹಿಂಡೆಲ್ಲಾ ಹೋಗಿ ಒಂದ ಹಕ್ಕಿ ಉಳೀತಂದ್ರ ಅದಕ್ಕ ಬೀಸಬ್ಯಾಡ್ರಿ, ಒಂದ ಹಕ್ಕಿ ತಿಂದ್ರ ಹೊಲಾ ಬರಿದಾಗೂದಿಲ್ಲ ಅಂತ. ನಾ ಸಣ್ಣಾಕಿ, ತಡೀಲಾರದ ಬೀಸಾಕ ಹೋಗ್ತಿದ್ದೆ. ಅಕ್ಕ ಬಂದು ನನ್ನ ಕೈ ಹಿಡೀತಿದ್ದಳು. ಆಕಿ ಜಲಮದಾಗ ಕಡೀ ಹಕ್ಕಿಗೆ ಕಲ್ಲು ಬೀಸಿದಾಕಿ ಅಲ್ಲ."

ಡಾಕ್ಟರಮ್ಮನ ಮಾತು ಆಗ ನೆನಪಾಯಿತು. ಐವತ್ತನಾಲ್ಕು ಸಲ ಒತ್ತಿ, ಐವತ್ತೈದನೆಯದು ಓಡಿ ಬರುವಾಗ ಅವಳು ಹೆಬ್ಬೆರಳನ್ನು ತಾನೇ ಎತ್ತಿ ಹಿಡಿಯುತ್ತಿದ್ದಳು. ಕೈ ಬಂದಿತ್ತು, ಸುರೇಖಾ. ಎಳ್ಳಮವಾಸ್ಯೆಯ ದಿನವೇ ಬಂದಿತ್ತು. ಮಾತಿಲ್ಲದವಳು ಹೇಗೆ ಹೇಳಬೇಕು? ಅದಕ್ಕೇ ದಿನಾ ನನ್ನ ಕಡೆ ತಿರುಗಿ ತಲೆ ಅಲ್ಲಾಡಿಸುತ್ತಿದ್ದಳು. ನಲವತ್ತೆಂಟು ವರ್ಷ ಜೊತೆಗೆ ಉಂಡಿದ್ದೇನೆ. ಅಟ್ಟದ ಮೇಲೆ ಏನು ಮಾಡುತ್ತಿದ್ದೆ ಎಂದು ಒಂದು ದಿನ ಕೇಳಿದವನಲ್ಲ. ಕಲ್ಲು ಕೊಂಬಿಗೆ ಬಿದ್ದದ್ದನ್ನೇ ಊರೆಲ್ಲ ಹೇಳಿಕೊಂಡು ತಿರುಗಿದೆ.

ಈಗ ಆಡುವಾಗ ನಾನು ಇಬ್ಬರ ಆಟವನ್ನೇ ಹಚ್ಚುತ್ತೇನೆ. ಒಬ್ಬರದೂ ಇದೆ, ಮೇಲಿನ ಸಾಲು ಒತ್ತು ಎಂದು ಬೀರೇಶ ಮೂರು ಸಲ ತೋರಿಸಿದ. ಗೊತ್ತು, ನನಗೆ ಬೇಡ. ನನ್ನ ಪಾಳಿ ಮುಗಿದ ಮೇಲೆ ಅವಳ ವಿಮಾನ ಬಂದು ನಿಲ್ಲುತ್ತದೆ. ರಿಮೋಟು ಅವಳ ಜಾಗದಲ್ಲಿ ಚಾಪೆಯ ಮೇಲಿರುತ್ತದೆ. ವಿಮಾನ ಅತ್ತ ಸರಿಯುವುದಿಲ್ಲ, ಇತ್ತ ಸರಿಯುವುದಿಲ್ಲ. ಮೇಲಿನಿಂದ ಗುಂಡು ಬಿದ್ದು ಒಂದು ಹೋಗುತ್ತದೆ, ಮತ್ತೊಂದು ಬರುತ್ತದೆ, ಅದೂ ಹೋಗುತ್ತದೆ. ಮೂರೂ ಹೋಗುವ ತನಕ ನಾನು ಎದ್ದು ಹೋಗುವುದಿಲ್ಲ.

ನನ್ನ ಪಾಳಿಯಲ್ಲಿ ಕೊನೆಯದನ್ನು ಬಿಡಲು ನೋಡುತ್ತೇನೆ. ಇವತ್ತಿಗೂ ಆಗಿಲ್ಲ. ಅದು ಓಡಿ ಬರುವುದನ್ನು ಕಂಡರೆ ನನ್ನ ಈ ಗಟ್ಟಿ ಬೆರಳು ತಾನಾಗಿ ಒತ್ತಿಬಿಡುತ್ತದೆ.

ರವಿವಾರ ಬಾ. ನಿನಗೆ ಬೈಯುವುದಿದ್ದರೆ ಎದುರಿಗೆ ಬಂದು ಬೈ, ನಾನು ಎಮ್ಮೆಯ ಕಡೆಗೆ ಹೋಗುವುದಿಲ್ಲ. ಐದು ರವಿವಾರದ ಭಾರ ನಿನ್ನ ತಲೆಯ ಮೇಲಿನಿಂದ ಇಳಿಸು, ಅದು ನಿನ್ನದಲ್ಲ. ಬೀರಪ್ಪ ನಿನ್ನ ಮನೆಯಲ್ಲಿ ಹಾಲು, ಬೆಳಕು, ನಗು ಇಟ್ಟಿರಲಿ. ಅಳಿಯನಿಗೆ ನನ್ನ ಶರಣು ಹೇಳು. ಬಿಸಿಲು ಜೋರಾಗಿದೆ, ತಲೆಗೆ ಸೆರಗು ಹಾಕಿಕೊಂಡು ತಿರುಗು.

ನಿನ್ನ ಅಪ್ಪ,
ಗುರಪ್ಪ

ತಾ.ಕ.: ಪಾಕೀಟಿಗೆ ಅಂಟು ಹಚ್ಚಿ ಮತ್ತೆ ಬಿಚ್ಚಿದೆ. ಮೇಲೆ ಬರೆದದ್ದು ಅರ್ಧ. ಆ ಶನಿವಾರ ನಾನು ಒದರಿದ್ದಷ್ಟೇ ಅಲ್ಲ. ಒದರಿ ಕೆಳಗೆ ಕೂತು ಅವಳ ಕೈಯನ್ನು ನನ್ನ ಕೈಯಿಂದ ಮುಚ್ಚಿ, ಅವಳ ಹೆಬ್ಬೆರಳಿನ ಮೇಲೆ ನನ್ನ ಹೆಬ್ಬೆರಳಿಟ್ಟು ಒತ್ತಿದೆ. ಹುಳ ಸತ್ತಿತು. "ನೋಡು, ಹಿಂಗ" ಎಂದೆ. ದುರಗವ್ವ ಹೇಳಿದ ಮೇಲೆ ನನಗೆ ತಿಳಿಯಿತು ಎಂದು ಬರೆದೆನಲ್ಲ, ಹಕ್ಕಿಯ ಸಂಗತಿ ಆಗ ತಿಳಿದದ್ದು ಖರೆ. ಕೈ ಬಂದದ್ದು ಅವತ್ತೇ ತಿಳಿದಿತ್ತು. ನನ್ನ ಬೆರಳಿನ ಕೆಳಗೆ ಅವಳ ಬೆರಳು ಮೇಲಕ್ಕೆ ನೂಕುತ್ತಿತ್ತು. ಕುರಿಮರಿ ಹಿಡಿದವನಿಗೆ ಕೈಯೊಳಗೆ ಜೀವ ಒದ್ದಾಡುವುದು ಗೊತ್ತಾಗದೇ ಇರುವುದಿಲ್ಲ. ಭಾಳ ಬಲ ಇತ್ತು. ಗೊತ್ತಾದ ಮೇಲೆಯೂ ನಾನು ಇನ್ನಷ್ಟು ಜೋರಾಗಿ ಒತ್ತಿದೆ.